ಚಿನ್ನ ಯಾಕೆ ಕಡಿಮೆ, ಕಬ್ಬಿಣ ಯಾಕೆ ಹೆಚ್ಚು?

 

ಕಳೆದ ಭಾನುವಾರ ವಂದನೆ ಮುಗಿದ ಮೇಲೆ ನಮ್ಮ ಬಳಗದ ಒಬ್ಬ ಹುಡುಗ ತನ್ನ ಮೊಬೈಲಿಗೆ ಬಂದಿದ್ದ ಒಂದು ಮೆಸೇಜನ್ನು ಎಲ್ಲರಿಗೂ ಓದಿ ಹೇಳಿದ. ನೀವೂ ನೋಡಿರುತ್ತೀರಿ. ನಮ್ಮ ಮೈಯಲ್ಲಿರುವ ಕಬ್ಬಿಣ, ಕ್ಯಾಲ್ಸಿಯಂ ಎಲ್ಲವೂ ನಕ್ಷತ್ರಗಳ ಹೊಟ್ಟೆಯಲ್ಲಿ ಬೆಂದು ಬಂದದ್ದು, ನಾವೆಲ್ಲ ಒಂದೇ ನಕ್ಷತ್ರದ ಧೂಳು, ಹಾಗಿರುವಾಗ ಜಾತಿ ಎಲ್ಲಿ ಉಳಿಯಿತು ಎನ್ನುವಂಥದ್ದು. ಓದಿ ಮುಗಿಸಿ ಖುಷಿಯಿಂದ ಸುತ್ತ ನೋಡಿದ. ಹಿಂದಿನ ಸಾಲಿನಲ್ಲಿ ಕೂತಿದ್ದ ಅಕ್ಕ ಒಬ್ಬರು, ಬೆಳಗಿನ ಜಾವ ಎದ್ದು ಬೀದಿ ಗುಡಿಸಲು ಹೋಗುವವರು, ನಿಧಾನವಾಗಿ ಅಂದರು: "ಅದು ನಿಜಾನೇ ಇರ್ಬೋದು ಮಗಾ. ಆದ್ರೆ ಅವ್ರಿಗೂ ಗೊತ್ತಲ್ವಾ? ಗೊತ್ತಿದ್ದೂ ನೀರು ಕೇಳಿದ್ರೆ ಮೇಲಿಂದ ಹುಯ್ತಾರೆ."

ಯಾರೂ ಉತ್ತರ ಹೇಳಲಿಲ್ಲ. ಟೀ ಬಂತು, ಮಾತು ಬೇರೆ ಕಡೆ ಹೋಯಿತು. ಆ ಪ್ರಶ್ನೆ ಮಾತ್ರ ಈ ವಾರವೆಲ್ಲ ನನ್ನ ಜೊತೆಗೇ ಓಡಾಡುತ್ತಿದೆ. ಇಂದಿನ ಚಿಂತನೆ ಅದರದ್ದೇ. ಸ್ವಲ್ಪ ಉದ್ದವಿದೆ, ಬಿಡುವಾದಾಗ ಓದಿ.

ಮೊದಲು ಲೆಕ್ಕ ನೋಡೋಣ. ವಿಶ್ವದಲ್ಲಿರುವ ಸಾಮಾನ್ಯ ವಸ್ತುವನ್ನೆಲ್ಲ ಒಟ್ಟು ಮಾಡಿ ತೂಗಿ ಅದನ್ನು ನೂರು ಸೇರು ಎಂದುಕೊಳ್ಳಿ. ಅದರಲ್ಲಿ ಸುಮಾರು 74 ಸೇರು ಹೈಡ್ರೋಜನ್, 24 ಸೇರು ಹೀಲಿಯಂ. ನಾವು ಉಸಿರಾಡುವ ಆಮ್ಲಜನಕ, ಅನ್ನದಲ್ಲಿರುವ ಇಂಗಾಲ, ಗುದ್ದಲಿಯ ಕಬ್ಬಿಣ, ತಾಳಿಯ ಚಿನ್ನ, ಕಲ್ಲು, ಮಣ್ಣು ಎಲ್ಲವೂ ಸೇರಿ ಉಳಿದ ಎರಡು ಸೇರಿನೊಳಗೆ ಬರುತ್ತವೆ. ಹೈಡ್ರೋಜನ್ನೂ ಬಹುಪಾಲು ಹೀಲಿಯಮ್ಮೂ ವಿಶ್ವ ಹುಟ್ಟಿದ ಮೊದಲ ಕೆಲವು ನಿಮಿಷಗಳಲ್ಲೇ ಉಂಟಾದವು. ಉಳಿದವನ್ನು ಹೆಚ್ಚಾಗಿ ನಕ್ಷತ್ರಗಳು ಮಾಡಿದವು.

ಈ ಎರಡು ಸೇರಿನಲ್ಲೂ ಎಲ್ಲರಿಗೂ ಸಮಪಾಲಿಲ್ಲ. ಧಾತುಗಳನ್ನು ಅವುಗಳ ಪರಮಾಣು ಸಂಖ್ಯೆಯ ಕ್ರಮದಲ್ಲಿ ನಿಲ್ಲಿಸಿ, ಯಾವುದು ಎಷ್ಟಿದೆ ಎಂದು ಗೆರೆ ಎಳೆದರೆ ಆ ಗೆರೆ ಗರಗಸದ ಹಲ್ಲಿನ ಹಾಗೆ ಏರುತ್ತಾ ಇಳಿಯುತ್ತಾ ಹೋಗುತ್ತದೆ. ಸಮಸಂಖ್ಯೆಯ ಧಾತು ಹೆಚ್ಚು, ಅದರ ಎಡಬಲದ ಬೆಸಸಂಖ್ಯೆಯವು ಕಡಿಮೆ. ಇಂಗಾಲ 6, ಆಮ್ಲಜನಕ 8. ನಡುವಿನ ಸಾರಜನಕ 7, ಅವೆರಡಕ್ಕಿಂತ ಕಡಿಮೆ. ಇಟಲಿಯ ಒಡ್ಡೊ 1914ರಲ್ಲಿ, ಅಮೆರಿಕದ ಹಾರ್ಕಿನ್ಸ್ 1917ರಲ್ಲಿ ಇದನ್ನು ಗುರುತಿಸಿದರು. ಕಾರಣ ಎರಡು. ಪರಮಾಣುವಿನ ಬೀಜದಲ್ಲಿ ಕಣಗಳು ಜೋಡಿಯಾಗಿದ್ದರೆ ಗಟ್ಟಿ, ಒಂಟಿಯಾಗಿದ್ದರೆ ಸಡಿಲ. ಜೊತೆಗೆ ನಕ್ಷತ್ರಗಳು ಕಟ್ಟಡ ಕಟ್ಟುವುದೇ ಹೀಲಿಯಂ ಎಂಬ ಇಟ್ಟಿಗೆಯಿಂದ, ಅದರ ಸಂಖ್ಯೆ 2. ಮೂರು ಹೀಲಿಯಂ ಸೇರಿದರೆ ಇಂಗಾಲ, ಇನ್ನೊಂದು ಸೇರಿದರೆ ಆಮ್ಲಜನಕ, ಹೀಗೆ ಎರಡೆರಡೇ ಮೆಟ್ಟಿಲು. ಈ ನಿಯಮಕ್ಕೂ ಹೊರತಾದವು ಇವೆ. ಹೈಡ್ರೋಜನ್ ಸಂಖ್ಯೆ 1, ಬೆಸ, ಆದರೂ ಎಲ್ಲಕ್ಕಿಂತ ಹೆಚ್ಚು. ಬೆರಿಲಿಯಂ 4, ಸಮ, ಆದರೂ ಬಲು ವಿರಳ. ಲಿಥಿಯಂ, ಬೆರಿಲಿಯಂ, ಬೋರಾನ್ ಈ ಮೂರರ ಪರಮಾಣುಗಳು ನಕ್ಷತ್ರದ ಒಳಗಿನ ಬಿಸಿಗೆ ಉಳಿಯುವುದಿಲ್ಲ, ಒಡೆದುಹೋಗುತ್ತವೆ.

ಕಬ್ಬಿಣದ ಹತ್ತಿರ ಗೆರೆ ಮತ್ತೆ ಬೆಟ್ಟದಂತೆ ಮೇಲೇಳುತ್ತದೆ. ದೊಡ್ಡ ನಕ್ಷತ್ರ ಹಗುರ ಧಾತುಗಳನ್ನು ಬೆಸೆದು ಬೆಸೆದು ಶಕ್ತಿ ಪಡೆಯುತ್ತದೆ. ಕಬ್ಬಿಣದ ಆಸುಪಾಸಿಗೆ ಬಂದ ಮೇಲೆ ಬೆಸೆದರೆ ಲಾಭವಿಲ್ಲ, ಒಲೆ ಆರುತ್ತದೆ, ನಕ್ಷತ್ರ ಕುಸಿದು ಸಿಡಿಯುತ್ತದೆ. ಆ ಬೂದಿಯ ರಾಶಿಯೇ ಕಬ್ಬಿಣದ ಬೆಟ್ಟ. ಅದರಾಚೆಯ ಭಾರವಾದವು, ಚಿನ್ನದಂಥವು, ಹುಟ್ಟಲು ವಿಪರೀತ ಸಂದರ್ಭಗಳು ಬೇಕು. ಸತ್ತ ನಕ್ಷತ್ರಗಳ ಎರಡು ಗಟ್ಟಿ ಉಂಡೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದು ಅಂಥ ಒಂದು ಸಂದರ್ಭ. 2017ರ ಆಗಸ್ಟ್ 17ರಂದು ಅಂಥ ಡಿಕ್ಕಿಯೊಂದರ ಅಲೆ ಭೂಮಿಗೆ ಮುಟ್ಟಿತು. ಆ ಕಡೆಗೆ ತಿರುಗಿಸಿದ ದೂರದರ್ಶಕಗಳಿಗೆ ಭಾರದ ಧಾತುಗಳು ಹುಟ್ಟುತ್ತಿರುವ ಗುರುತುಗಳು ಕಂಡವು. ಚಿನ್ನದ ಸಂಖ್ಯೆ 79. ಬೆಸ. ಪಕ್ಕದ ಪ್ಲಾಟಿನಂ 78, ಪಾದರಸ 80, ಎರಡಕ್ಕಿಂತಲೂ ಚಿನ್ನ ಸೌರಮಂಡಲದಲ್ಲಿ ಕಡಿಮೆ. ಇಷ್ಟೇ ಅದರ ಮಹಿಮೆ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕಬ್ಬಿಣ ಹೆಚ್ಚಾದದ್ದು ಅದರ ಪುಣ್ಯದಿಂದಲ್ಲ. ಬೋರಾನ್ ಕಡಿಮೆಯಾದದ್ದು ಹಿಂದಿನ ಜನ್ಮದ ಪಾಪದಿಂದಲ್ಲ. ಬಿಸಿ, ಒತ್ತಡ, ಜೋಡಿ, ಸಮಯ ಇವು ಕೂಡಿ ಬಂದ ಹಾಗೆ ಅವು ಆದವು. ಯಾರೂ ಮೇಲೆ ಕೂತು ಇದು ತಲೆಯಿಂದ ಬರಲಿ, ಇದು ಪಾದದಿಂದ ಬರಲಿ ಎಂದು ಹಂಚಲಿಲ್ಲ. ಪಟಿಚ್ಚಸಮುಪ್ಪಾದವನ್ನು ನಾವು ದುಃಖದ ವಿಷಯದಲ್ಲಿ ಓದುತ್ತೇವೆ. ಇಲ್ಲಿ ಅದೇ ರೀತಿಯ ನೋಟ ಕಲ್ಲು ಲೋಹಗಳ ಮೇಲೆ ಬಿದ್ದಿದೆ. 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಬಾಬಾಸಾಹೇಬರು ಹಿಂದಿನ ಜನ್ಮದ ಕರ್ಮವೆಂಬ ಮಾತನ್ನು ಅಷ್ಟು ಕಟುವಾಗಿ ಯಾಕೆ ತಿರಸ್ಕರಿಸಿದರು ಎಂಬುದು ನೆನಪಿರಲಿ. ಅದನ್ನು ಒಪ್ಪಿದರೆ ಬಡವನ ಬಡತನಕ್ಕೆ ಬಡವನೇ ಹೊಣೆಯಾಗುತ್ತಾನೆ, ಸಮಾಜ ಕೈ ತೊಳೆದುಕೊಳ್ಳುತ್ತದೆ.

ಹಾಗಂತ ಬುದ್ಧನಿಗೆ ಈ ರಸಾಯನಶಾಸ್ತ್ರವೆಲ್ಲ ಮೊದಲೇ ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಪೃಥ್ವಿ, ಆಪ, ತೇಜ, ವಾಯು ಎಂಬ ನಾಲ್ಕು ಧಾತುಗಳು ಗಟ್ಟಿತನ, ಒದ್ದೆತನ, ಬಿಸಿ, ಚಲನೆ ಎಂಬ ಅನುಭವದ ಗುಂಪುಗಳು. ಹೈಡ್ರೋಜನ್ ಪಟ್ಟಿ ಅಲ್ಲ. ಎಲ್ಲ ವೇದದಲ್ಲೇ ಇದೆ ಎನ್ನುವವರನ್ನು ನೋಡಿ ನಾವು ನಗುತ್ತೇವಲ್ಲ, ಎಲ್ಲ ತಿಪಿಟಕದಲ್ಲೇ ಇದೆ ಎಂದು ನಾವೂ ಶುರು ಮಾಡಿದರೆ ಯಾರು ಯಾರನ್ನು ನೋಡಿ ನಗಬೇಕು?

ಆ ಮಾತಿಗೆ ನಕ್ಕವರಲ್ಲಿ ಒಬ್ಬರು ಮೇಘನಾದ ಸಹಾ. ಅವರ ಕೆಲಸದ ಬಗ್ಗೆ ಕೇಳಿದ ವಕೀಲರೊಬ್ಬರು ಇದೆಲ್ಲ ವೇದದಲ್ಲಿದೆ ಎಂದರಂತೆ. ಸಹಾ ಸುಮ್ಮನಿರದೆ ವೇದಗಳನ್ನೇ ಓದಲು ಕೂತರು. ಎಲ್ಲೂ ಸಿಗಲಿಲ್ಲ ಎಂದು ಬರೆದರು. ಈ ಮನುಷ್ಯನ ಕಥೆ ನಮ್ಮ ಮಕ್ಕಳಿಗೆ ಗೊತ್ತಿರಬೇಕು. ವಿಶ್ವದಲ್ಲಿ ಯಾವ ಧಾತು ಎಷ್ಟಿದೆ ಎಂದು ಇವತ್ತು ನಾವು ಹೇಳಲು ಸಾಧ್ಯವಾಗಿರುವುದರ ಬುಡದಲ್ಲಿ ಅವರಿದ್ದಾರೆ.

1893ರಲ್ಲಿ ಢಾಕಾ ಜಿಲ್ಲೆಯ ಒಂದು ಹಳ್ಳಿಯಲ್ಲಿ ಸಣ್ಣ ಕಿರಾಣಿ ಅಂಗಡಿಯವರ ಮನೆಯಲ್ಲಿ ಹುಟ್ಟಿದರು. ಮೇಲ್ಜಾತಿಯವರು ಕೀಳೆಂದು ಎಣಿಸುತ್ತಿದ್ದ ಜಾತಿ. ಊರಲ್ಲಿ ಮುಂದಿನ ಶಾಲೆ ಇರಲಿಲ್ಲ. ಬೇರೆ ಊರಿನ ವೈದ್ಯರೊಬ್ಬರು ತಮ್ಮ ಮನೆಯಲ್ಲಿ ಇಟ್ಟುಕೊಂಡರು. ಉಂಡ ತಟ್ಟೆ ತಾನೇ ತೊಳೆಯಬೇಕು, ಹಸು ನೋಡಿಕೊಳ್ಳಬೇಕು ಎಂಬ ಕರಾರು. ಮುಂದೆ ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿದಾಗ ಹಾಸ್ಟೆಲಿನಲ್ಲಿ ಮೇಲ್ಜಾತಿ ವಿದ್ಯಾರ್ಥಿಗಳು ಅವರ ಪಂಕ್ತಿಯಲ್ಲಿ ಕೂತು ಉಣ್ಣಲು ಒಪ್ಪಲಿಲ್ಲ. 1920ರಲ್ಲಿ, ಇಪ್ಪತ್ತೇಳು ತುಂಬುವ ಹೊತ್ತಿಗೆ, ಅವರು ಒಂದು ಸಮೀಕರಣ ಪ್ರಕಟಿಸಿದರು. ಇಂತಿಷ್ಟು ಬಿಸಿ, ಇಂತಿಷ್ಟು ಒತ್ತಡ ಇದ್ದರೆ ಒಂದು ಧಾತುವಿನ ಎಷ್ಟು ಪರಮಾಣುಗಳು ತಮ್ಮ ಎಲೆಕ್ಟ್ರಾನು ಕಳೆದುಕೊಂಡ ಸ್ಥಿತಿಯಲ್ಲಿರುತ್ತವೆ ಎಂಬ ಲೆಕ್ಕ.

ಅದರಿಂದ ಏನಾಯಿತು? ಸೂರ್ಯನ ಬೆಳಕನ್ನು ಬಿಡಿಸಿದರೆ ಬಣ್ಣಗಳ ಪಟ್ಟಿಯಲ್ಲಿ ಕಪ್ಪು ಗೆರೆಗಳು ಕಾಣುತ್ತವೆ. ಪ್ರತಿ ಧಾತುವಿಗೂ ತನ್ನದೇ ಗೆರೆಗಳು, ಸಹಿ ಇದ್ದ ಹಾಗೆ. ಕ್ಯಾಲ್ಸಿಯಂ, ಕಬ್ಬಿಣಗಳ ಗೆರೆಗಳು ಎದ್ದು ಕಾಣುತ್ತವೆ. ಆದ್ದರಿಂದ ಅಂದಿನ ದೊಡ್ಡ ವಿದ್ವಾಂಸರೆಲ್ಲ ಸೂರ್ಯನೂ ಭೂಮಿಯ ಹಾಗೆಯೇ, ಅದೇ ಧಾತುಗಳು ಅದೇ ಪ್ರಮಾಣದಲ್ಲಿವೆ ಎಂದು ನಂಬಿದ್ದರು. ಸೆಸಿಲಿಯಾ ಪೇನ್ ಎಂಬ ತರುಣಿ ಇಂಗ್ಲೆಂಡಿನಿಂದ ಅಮೆರಿಕದ ಹಾರ್ವರ್ಡಿಗೆ ಬಂದು ಸಹಾ ಅವರ ಸಮೀಕರಣವನ್ನು ಆ ಗೆರೆಗಳಿಗೆ ಅನ್ವಯಿಸಿದಳು. ಗೆರೆ ದಪ್ಪಗಿದೆ ಎಂದರೆ ಆ ಧಾತು ಹೆಚ್ಚಿದೆ ಎಂದರ್ಥವಲ್ಲ ಎಂದು ಗೊತ್ತಾಯಿತು. ಸೂರ್ಯನ ಮೇಲ್ಮೈಯ ಬಿಸಿ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಕ್ಯಾಲ್ಸಿಯಮ್ಮಿಗೆ ಅದು ಹೇಳಿ ಮಾಡಿಸಿದ ಸ್ಥಿತಿ. ಅದರ ಬಹುಪಾಲು ಪರಮಾಣುಗಳು ಗೆರೆ ಹಾಕಲು ಸಿದ್ಧವಾಗಿ ನಿಂತಿರುತ್ತವೆ. ಹೈಡ್ರೋಜನ್ನಿಗೆ ಆ ಬಿಸಿ ಸಾಲದು. ಕಣ್ಣಿಗೆ ಕಾಣುವ ಗೆರೆ ಹಾಕಬಲ್ಲ ಸ್ಥಿತಿಗೆ ಅದರ ಕೋಟಿಗಟ್ಟಲೆ ಪರಮಾಣುಗಳಲ್ಲಿ ಒಂದು ಮಾತ್ರ ಏರುತ್ತದೆ. ಉಳಿದವು ಇದ್ದೂ ಕಾಣುವುದಿಲ್ಲ. ಇದನ್ನು ಲೆಕ್ಕಕ್ಕೆ ಹಿಡಿದಾಗ ಸೂರ್ಯನಲ್ಲಿ ಹೈಡ್ರೋಜನ್ನೇ ತುಂಬಿದೆ ಎಂಬ ಉತ್ತರ ಬಂತು. ಒಂದು ಕ್ಯಾಲ್ಸಿಯಂ ಪರಮಾಣುವಿಗೆ ನಾಲ್ಕು ಲಕ್ಷಕ್ಕೂ ಮೇಲೆ ಹೈಡ್ರೋಜನ್ ಪರಮಾಣುಗಳು ಎಂಬುದು ಇಂದಿನ ಲೆಕ್ಕ.

1925ರಲ್ಲಿ ಆಕೆ ಇದನ್ನು ಪ್ರಬಂಧದಲ್ಲಿ ಬರೆದಾಗ, ಆ ಕಾಲದ ಅತಿ ದೊಡ್ಡ ಖಗೋಳ ವಿಜ್ಞಾನಿಗಳಲ್ಲೊಬ್ಬರಾದ ಹೆನ್ರಿ ನಾರಿಸ್ ರಸೆಲ್ ಇದು ಸಾಧ್ಯವೇ ಇಲ್ಲ ಎಂದರು. ಇಪ್ಪತ್ತೈದರ ಹೆಣ್ಣುಮಗಳು ಏನು ಮಾಡಬೇಕು? ಈ ಫಲಿತಾಂಶ ನಿಜವಿರಲಾರದು ಎಂದು ತನ್ನ ಪ್ರಬಂಧದಲ್ಲೇ ಬರೆದುಕೊಂಡಳು. ನಾಲ್ಕು ವರ್ಷದ ಮೇಲೆ, 1929ರಲ್ಲಿ, ಬೇರೆ ದಾರಿಯಿಂದ ಅದೇ ಉತ್ತರಕ್ಕೆ ಬಂದ ರಸೆಲ್ ಆಕೆ ಹೇಳಿದ್ದು ಸರಿ ಎಂದು ಒಪ್ಪಿದರು. ಹಾರ್ವರ್ಡಿನಲ್ಲಿ ಆಕೆಗೆ ಪೂರ್ಣ ಪ್ರಾಧ್ಯಾಪಕಿಯ ಹುದ್ದೆ ಸಿಕ್ಕಿದ್ದು 1956ರಲ್ಲಿ. ಸಹಾ ತೀರಿಕೊಂಡದ್ದು 1956ರ ಫೆಬ್ರವರಿಯಲ್ಲಿ. ಅಕ್ಟೋಬರ್ 14ರಂದು ನಾಗಪುರದಲ್ಲಿ ಏನಾಯಿತೆಂದು ನಿಮಗೆ ನಾನು ಹೇಳಬೇಕಿಲ್ಲ. ಮೂರೂ ಒಂದೇ ವರ್ಷ ಬಂದದ್ದು ಬರೀ ಕಾಕತಾಳೀಯ, ಇದಕ್ಕೆ ಯಾರೂ ಜ್ಯೋತಿಷ್ಯ ಕಟ್ಟಬೇಡಿ.

ನನಗೆ ಈ ಕಥೆಯಲ್ಲಿ ಬೇಕಾದದ್ದು ಆ ಗೆರೆಯ ವಿಷಯ. ಕಾಣಿಸಿದ್ದನ್ನು ನೋಡಿ ಇಷ್ಟೇ ಇದೆ ಎಂದು ತೀರ್ಮಾನಿಸುವುದು ತಪ್ಪು. ಕಾಣಿಸಿಕೊಳ್ಳಲು ಎಂಥ ಪರಿಸ್ಥಿತಿ ಬೇಕಿತ್ತು ಎಂದು ಮೊದಲು ಕೇಳಬೇಕು. ಮೀಸಲಾತಿಯ ಮಾತು ಬಂದಾಗಲೆಲ್ಲ ಮೆರಿಟ್ ಎಲ್ಲಿ, ನಿಮ್ಮವರಲ್ಲಿ ಎಷ್ಟು ಜನ ವಿಜ್ಞಾನಿಗಳು, ಎಷ್ಟು ಜನ ನ್ಯಾಯಾಧೀಶರು ಎಂದು ಕೇಳುತ್ತಾರೆ. ಅವರು ಎಣಿಸುತ್ತಿರುವುದು ಗೆರೆಗಳನ್ನು. ಬಿಸಿ ಯಾರಿಗೆ ಎಷ್ಟು ಸಿಕ್ಕಿತು ಎಂಬ ಲೆಕ್ಕ ಅವರ ಹತ್ತಿರ ಇಲ್ಲ, ಬೇಕಾಗಿಯೂ ಇಲ್ಲ. ಮನುಷ್ಯರು ಪರಮಾಣುಗಳಲ್ಲ, ಹೋಲಿಕೆಯನ್ನು ತುಂಬಾ ಎಳೆಯಬಾರದು. ಆದರೆ ಈ ಎರಡು ಕಡೆಯೂ ತಪ್ಪು ಒಂದೇ ಥರದ್ದು. ಅದನ್ನು ತಿದ್ದುವ ಲೆಕ್ಕ ಕೊಟ್ಟವನು ಪಂಕ್ತಿಯಿಂದ ಎಬ್ಬಿಸಲ್ಪಟ್ಟ ಹುಡುಗ.

ಇನ್ನು ಕಡಿಮೆ ಇರುವುದು ಶ್ರೇಷ್ಠ, ಹೆಚ್ಚಿರುವುದು ಅಗ್ಗ ಎಂಬ ಮಾತು. ಚಿನ್ನವನ್ನು ತೋರಿಸಿ ಹೀಗೆ ಹೇಳುತ್ತಾರೆ. ಅಲ್ಯೂಮಿನಿಯಮ್ಮನ್ನು ನೋಡಿ. ಭೂಮಿಯ ಹೊರಪದರದಲ್ಲಿ ಆಮ್ಲಜನಕ, ಸಿಲಿಕಾನ್ ಬಿಟ್ಟರೆ ಅದೇ ಹೆಚ್ಚು, ತೂಕದಲ್ಲಿ ಸುಮಾರು ನೂರಕ್ಕೆ ಎಂಟು ಪಾಲು. ಆದರೆ ಮಣ್ಣಿನಿಂದ ಅದನ್ನು ಬಿಡಿಸಲು ಬರುತ್ತಿರಲಿಲ್ಲವಾದ್ದರಿಂದ 19ನೇ ಶತಮಾನದ ನಡುವಿನಲ್ಲಿ ಅದು ರಾಜರ ಲೋಹ. ಫ್ರಾನ್ಸಿನ ಮೂರನೇ ನೆಪೋಲಿಯನ್ ತನ್ನ ಅತಿ ಗೌರವದ ಅತಿಥಿಗಳಿಗೆ ಅಲ್ಯೂಮಿನಿಯಂ ಚಮಚ ಕೊಡುತ್ತಿದ್ದನೆಂದು ಹೇಳುತ್ತಾರೆ. 1886ರಲ್ಲಿ ವಿದ್ಯುತ್ತಿನಿಂದ ಬಿಡಿಸುವ ವಿಧಾನ ಸಿಕ್ಕಿತು, ಬೆಲೆ ನೆಲ ಕಚ್ಚಿತು. ಮುಂದೆ ಅದೇ ಲೋಹ ನಮ್ಮ ಊರುಗಳ ಹೋಟೆಲಿಗೆ ಬಂದು, ಹೊರಗೆ ಗೂಡಿನಲ್ಲಿ ಬೇರೆಯಾಗಿ ಇಟ್ಟ ಲೋಟವಾಯಿತು. ನಮ್ಮ ತಾತಂದಿರು ಅದನ್ನು ತಾವೇ ತೆಗೆದು, ಕುಡಿದು, ತೊಳೆದು ಇಡಬೇಕಿತ್ತು. ಧಾತು ಬದಲಾಗಿರಲಿಲ್ಲ.

ಹಾಗಾದರೆ ಅಕ್ಕನ ಪ್ರಶ್ನೆ. ಎಲ್ಲರೂ ಒಂದೇ ಧಾತುಗಳಿಂದ ಆದವರು ಎಂದು ತೋರಿಸಿಕೊಟ್ಟರೆ ಜಾತಿ ಬೀಳುತ್ತದೆಯೇ?

ಮಹಾಡನ್ನು ನೆನೆಸಿಕೊಳ್ಳಿ. 1927ರ ಮಾರ್ಚ್ 20. ಚವದಾರ್ ಕೆರೆಯ ನೀರು. ನೀರೆಂದರೆ ಹೈಡ್ರೋಜನ್ ಮತ್ತು ಆಮ್ಲಜನಕ. ವಿಶ್ವದಲ್ಲಿ ಮೊದಲನೆಯ ಸ್ಥಾನ ಹೈಡ್ರೋಜನ್ನಿಗೆ, ಎರಡನೆಯದು ಹೀಲಿಯಮ್ಮಿಗೆ, ಮೂರನೆಯದು ಆಮ್ಲಜನಕಕ್ಕೆ. ಹೀಲಿಯಂ ಯಾರ ಜೊತೆಗೂ ಬೆರೆಯುವುದಿಲ್ಲ, ಮಡಿವಂತ. ಬೆರೆಯಬಲ್ಲವುಗಳಲ್ಲಿ ಅತಿ ಹೆಚ್ಚಿರುವ ಎರಡು ಕೈ ಹಿಡಿದರೆ ಆಗುವುದೇ ನೀರು. ಅಂಥದ್ದನ್ನು ಮುಟ್ಟಬೇಡಿ ಎಂದರು. ಬಾಬಾಸಾಹೇಬರೂ ಅವರ ಹಿಂದೆ ಬಂದವರೂ ಬೊಗಸೆಯಲ್ಲಿ ಎತ್ತಿ ಕುಡಿದ ಮೇಲೆ ಆ ಕೆರೆಗೆ ಸೆಗಣಿ, ಗಂಜಲ, ಹಾಲು, ಮೊಸರು ಸುರಿದು ಮಂತ್ರ ಹೇಳಿ ಶುದ್ಧ ಮಾಡಿದರು. ಕುಡಿಯುವ ನೀರಿಗೆ ಸೆಗಣಿ ಹಾಕಿ ಶುದ್ಧ ಮಾಡುವವರಿಗೆ ರಸಾಯನಶಾಸ್ತ್ರ ತಿಳಿಯದೆ ತಪ್ಪು ಮಾಡಿದರು ಎನ್ನಲಾಗುತ್ತದೆಯೇ? ಅವರ ಶುದ್ಧಿ ವಸ್ತುವಿನ ಬಗ್ಗೆ ಇರಲೇ ಇಲ್ಲ. ಯಾರು ಮೇಲೆ, ಯಾರು ಕೆಳಗೆ ಎಂಬುದರ ಬಗ್ಗೆ ಇತ್ತು. ದನ ಅದೇ ಕೆರೆಯಲ್ಲಿ ಕುಡಿಯುತ್ತಿತ್ತು, ಆಗ ಶುದ್ಧಿ ಬೇಕಾಗಲಿಲ್ಲ. ಜಾತಿ ಇಟ್ಟಿಗೆಯ ಗೋಡೆಯಲ್ಲ, ಮನಸ್ಸಿನ ಸ್ಥಿತಿ ಎಂದು 1936ರಲ್ಲಿ ಬಾಬಾಸಾಹೇಬರು ಹೇಳಿದ್ದು ಇದಕ್ಕೇ. ಅಕ್ಕ ಹೇಳಿದ್ದೂ ಇದನ್ನೇ.

ಅದೇ 'ಜಾತಿ ವಿನಾಶ'ದಲ್ಲಿ ಇನ್ನೊಂದು ಮಾತಿದೆ, ನಾವು ಅಷ್ಟಾಗಿ ಗಮನಿಸುವುದಿಲ್ಲ. ಮನುಷ್ಯರು ಎಲ್ಲದರಲ್ಲೂ ಸಮಾನರಲ್ಲ ಎಂದು ಯಾರಾದರೂ ವಾದಿಸಿದರೆ ಬಾಬಾಸಾಹೇಬರು ಅದನ್ನು ಅಲ್ಲಗಳೆಯಲು ಹೋಗುವುದಿಲ್ಲ. ಆದರೂ ಸಮಾನತೆಯನ್ನೇ ನಮ್ಮ ನಡೆಯ ಸೂತ್ರವಾಗಿ ಒಪ್ಪಲೇಬೇಕು ಎನ್ನುತ್ತಾರೆ. ಅಂದರೆ ಸಮತೆಯನ್ನು ಅವರು ಪ್ರಯೋಗಶಾಲೆಯ ಫಲಿತಾಂಶಕ್ಕೆ ಕಟ್ಟಿಹಾಕಲಿಲ್ಲ. ನಾಳೆ ಯಾರೋ ಬಂದು ರಕ್ತದಲ್ಲಿ, ವಂಶವಾಹಿಯಲ್ಲಿ ಇಂಥ ವ್ಯತ್ಯಾಸ ಕಂಡಿದೆ ಎಂದರೆ ನಮ್ಮ ಹಕ್ಕು ಅಲುಗಾಡಬೇಕೆ? ನಕ್ಷತ್ರದ ಧೂಳಿನ ಮೇಲೆ ಮನೆ ಕಟ್ಟಿದರೆ ಗಾಳಿಗೆ ಹಾರಿಹೋಗಬಹುದು.

ಹಾಗಾದರೆ ಈ ವಿಜ್ಞಾನದಿಂದ ಉಪಯೋಗವೇ ಇಲ್ಲವೇ? ಇದೆ, ಬೇರೆ ಥರದಲ್ಲಿ. ಅಸ್ಸಲಾಯನ ಎಂಬ ಬ್ರಾಹ್ಮಣ ತರುಣನಿಗೆ ಬುದ್ಧರು ಬೆಂಕಿಯ ಉದಾಹರಣೆ ಕೊಡುತ್ತಾರೆ. ಕುಲೀನನು ಗಂಧದ ಕೊರಡು ತಿಕ್ಕಿ ಹೊತ್ತಿಸಿದ ಬೆಂಕಿಗೂ, ಚಾಂಡಾಲನು ನಾಯಿ ನೀರು ಕುಡಿಯುವ ಮರದ ತೊಟ್ಟಿಯ ತುಂಡಿನಿಂದ ಹೊತ್ತಿಸಿದ ಬೆಂಕಿಗೂ ಉರಿಯಲ್ಲಿ ವ್ಯತ್ಯಾಸವಿದೆಯೇ ಎಂದು ಕೇಳುತ್ತಾರೆ. ಬ್ರಾಹ್ಮಣರು ಹುಟ್ಟಿನಿಂದಲೇ ಶ್ರೇಷ್ಠರು ಎಂದು ವಾದಿಸಲು ಬಂದವನ ವಾದಕ್ಕೆ ಆಧಾರವೇ ಉಳಿಯುವುದಿಲ್ಲ. ಮೇಲುಕೀಳು ಸೃಷ್ಟಿಯಲ್ಲೇ ಇದೆ ಎಂಬ ನೆಪ ಹೋದರೆ ಉಳಿಯುವುದು ನಾನು ಹೀಗೇ ಮಾಡುತ್ತೇನೆ ಎಂಬ ಬರೀ ಹಠ, ಬರೀ ಅಧಿಕಾರ. ಆಗ ಅದನ್ನು ಅಧಿಕಾರವೆಂದೇ ಕರೆದು ಎದುರಿಸಬಹುದು. ಕಾನೂನಿನಿಂದ, ಸಂಘಟನೆಯಿಂದ, ಶಿಕ್ಷಣದಿಂದ. ನೆಪವನ್ನು ನಂಬಿ ತಲೆ ಬಗ್ಗಿಸಿದ ನಮ್ಮವರಿಗೆ ಮಾತ್ರ ಆ ಮೆಸೇಜು ನಿಜವಾಗಿ ಬೇಕು. ಮೇಲಿಂದ ನೀರು ಹುಯ್ಯುವವರಿಗಿಂತ, ಬೊಗಸೆ ಒಡ್ಡುವುದೇ ತನ್ನ ಹಣೆಬರಹ ಎಂದುಕೊಂಡವರಿಗೆ.

ಕೋಲಾರದ ಚಿನ್ನದ ಗಣಿಯ ವಿಷಯ ಹೇಳದೆ ಇದನ್ನು ಮುಗಿಸಲಾರೆ. 1880ರಿಂದ 2001ರ ಫೆಬ್ರವರಿಯಲ್ಲಿ ಮುಚ್ಚುವವರೆಗೆ ಆ ನೆಲದಿಂದ 800 ಟನ್ನಿಗೂ ಹೆಚ್ಚು ಚಿನ್ನ ತೆಗೆದರು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವರಲ್ಲಿ ಹೆಚ್ಚಿನವರು ನಮ್ಮವರು, ತಮಿಳು ಸೀಮೆಯಿಂದ ಜಾತಿಯ ಕಾಟಕ್ಕೂ ಹಸಿವಿಗೂ ಬಂದವರು. ಪಂಡಿತ ಅಯೋತಿದಾಸರ ಶಾಕ್ಯ ಬೌದ್ಧ ಸಂಘದ ಶಾಖೆ 20ನೇ ಶತಮಾನದ ಮೊದಲ ದಶಕದಲ್ಲೇ ಅಲ್ಲಿನ ಮಾರಿಕುಪ್ಪಂನಲ್ಲಿ ಹುಟ್ಟಿತು. ನಾಗಪುರಕ್ಕೆ ಸುಮಾರು ಐವತ್ತು ವರ್ಷ ಮೊದಲೇ ನಮ್ಮ ರಾಜ್ಯದ ನೆಲದಲ್ಲಿ ಗಣಿ ಕಾರ್ಮಿಕರು ತ್ರಿಸರಣ ಹೇಳುತ್ತಿದ್ದರು. ಅಲ್ಲಿ ಚಿನ್ನ ಇದ್ದದ್ದು ಬೆಣಚುಕಲ್ಲಿನ ಎಳೆಗಳಲ್ಲಿ. ಬೆಣಚುಕಲ್ಲೆಂದರೆ ಸಿಲಿಕಾನ್ ಮತ್ತು ಆಮ್ಲಜನಕ, ಭೂಮಿಯ ಹೊರಪದರದಲ್ಲಿ ಎಲ್ಲಕ್ಕಿಂತ ಹೆಚ್ಚಿರುವ ಎರಡು, ಕೂಡಿದರೆ ನೂರಕ್ಕೆ ಎಪ್ಪತ್ತಕ್ಕೂ ಮೇಲೆ. ಕಲ್ಲು ಕೊರೆದಾಗ ಎದ್ದ ಅದರ ಧೂಳು ಕೊರೆದವರ ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಆಯಿತು. ವಿರಳವಾದದ್ದು ಊರು ಬಿಟ್ಟು ಹೋಯಿತು, ಹೇರಳವಾದದ್ದು ಅವರ ಎದೆಯಲ್ಲಿ ಉಳಿಯಿತು. ಇದನ್ನು ಒಡ್ಡೊ, ಹಾರ್ಕಿನ್ಸರ ನಿಯಮ ಹಂಚಿದ್ದಲ್ಲ.

ಮೆಸೇಜು ಓದಿದ ಹುಡುಗ ರಾತ್ರಿ ನನಗೆ ಫೋನ್ ಮಾಡಿ, ಅದನ್ನು ಗ್ರೂಪಿನಿಂದ ಅಳಿಸಿಬಿಡಲೇ ಎಂದು ಕೇಳಿದ. ಬೇಡಪ್ಪ, ಇರಲಿ, ಆದರೆ ಅಕ್ಕ ಹೇಳಿದ್ದನ್ನೂ ಅದರ ಕೆಳಗೆ ಬರೆದು ಹಾಕು ಎಂದೆ. ಹಾಕಿದ್ದಾನೆ, ನೋಡಿ. ಬರುವ ಭಾನುವಾರ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಪುನರ್ಜನ್ಮದ ಭಾಗ ಓದೋಣ. ಸತ್ತ ಮೇಲೆ ದೇಹದ ನಾಲ್ಕು ಧಾತುಗಳು ಎಲ್ಲಿಗೆ ಹೋಗುತ್ತವೆ, ಅವು ಮತ್ತೆ ಕೂಡಿದರೆ ಹುಟ್ಟುವವನು ಅದೇ ಮನುಷ್ಯನೋ ಅಲ್ಲವೋ ಎಂದು ಬಾಬಾಸಾಹೇಬರು ಅಲ್ಲಿ ಚರ್ಚಿಸಿದ್ದಾರೆ. ಪುಸ್ತಕ ಇರುವವರು ತನ್ನಿ. ಅಕ್ಕ ಕೆಲಸ ಮುಗಿಸಿ ಬರಲು ಹನ್ನೊಂದಾಗುತ್ತದೆ, ಅವರು ಬಂದ ಮೇಲೆಯೇ ಶುರು ಮಾಡೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.